ಜರ್ಮನಿಗೆ ಬಂದ ಉಡಿ

ಜರ್ಮನಿಯಲ್ಲಿ ಬಾಡಿಗೆ ಮನೆಯ ಬಾಗಿಲು ತೆಗೆದರೆ ಅಡುಗೆಮನೆಯೇ ಇಲ್ಲ! ಗೋಡೆಯಿಂದ ಎರಡು ಕೊಳವೆ ಹೊರಚಾಚಿದ್ದವು, ಅಷ್ಟೇ. ಕಟ್ಟೆ, ಸಿಂಕು, ಒಲೆ ಒಂದೂ ಇಲ್ಲ. ಕಳ್ಳತನವಾಗಿದೆ ಎಂದು ಗಾಬರಿಯಾದೆ. ಮನೆ ಬಿಟ್ಟುಹೋಗುವವರು ಅಡುಗೆಮನೆಯನ್ನೂ ಬಿಚ್ಚಿಕೊಂಡು ಹೋಗುವುದು ಇಲ್ಲಿಯ ರೂಢಿಯಂತೆ. ನಮ್ಮ ಶಿರಸಿಯಲ್ಲಿ ಬಾಡಿಗೆಯವರು ಒಂದು ಬಲ್ಬು ಬಿಚ್ಚಿಕೊಂಡು ಹೋದರೂ ಮಾಲೀಕರು ವರ್ಷವಿಡೀ ಆಡಿಕೊಳ್ಳುತ್ತಾರೆ.

ನಾನು ಬನವಾಸಿ ಕಡೆಯವಳು, ನರ್ಸ್. ಇಲ್ಲಿಯ ಪರೀಕ್ಷೆ ಪಾಸಾಗುವ ತನಕ ಪೂರ್ತಿ ಸಂಬಳವಿಲ್ಲ. ಮನೆಗೆ ‘ಕೌತ್ಸಿಯೋನ್’ ಕಟ್ಟಬೇಕು, ಅಂದರೆ ನಮ್ಮ ಅಡ್ವಾನ್ಸ್. ಎರಡು ವಾರದೊಳಗೆ ಕಟ್ಟದಿದ್ದರೆ ಮನೆ ಖಾಲಿ ಮಾಡಬೇಕಿತ್ತು. ಊರಿಗೆ ಮಾತ್ರ ‘ಎಲ್ಲಾ ಆರಾಮ’ ಎಂದೇ ಹೇಳುತ್ತಿದ್ದೆ. ಹೊರದೇಶಕ್ಕೆ ಹೋದವಳು ಊರಿಗೆ ಕಳಿಸಬೇಕು, ಊರಿನಿಂದ ಕೇಳುವುದುಂಟೇ?

ಅಮ್ಮ ಇಲ್ಲದ ನನ್ನನ್ನು ಓದಿಸಿದವರು ಅಣ್ಣನ ಹೆಂಡತಿ, ಶಾಂತಾ ಅತ್ತಿಗೆ. ಒಂದು ದಿನ ವಿಡಿಯೋ ಕಾಲಿನಲ್ಲಿ ಅವರ ಕಣ್ಣಿಗೆ ಬಿದ್ದೆ.

“ಅಲ್ಲ ಗೌರಿ, ಬಚ್ಚಲದಾಗ ಯಾಕ ಬೋಗುಣಿ ತಿಕ್ಕಾಕತ್ತಿ?”

“ನಳ ರಿಪೇರಿ ಐತಿ ಅತ್ತಿಗಿ.”

“ಮೊನ್ನೆನೂ ಅಲ್ಲೇ ತಿಕ್ಕಾಕತ್ತಿದ್ದಿ. ಖರೆ ಹೇಳು.”

ಅತ್ತುಬಿಟ್ಟೆ. ಎಲ್ಲವನ್ನೂ ಹೇಳಿದೆ.

ಮರುದಿನವೇ ಅತ್ತಿಗೆ ತಾವು ಶುಂಠಿ ಮಾರಿ ಕೂಡಿಟ್ಟ ದುಡ್ಡನ್ನು ನನಗೆ ಕಳಿಸಲು ಬಸ್ಸು ಹತ್ತಿ ಶಿರಸಿಯ ಬ್ಯಾಂಕಿಗೆ ಹೋದರು. “ಎಲ್ಲರಿಗೂ ಹೊರದೇಶದಿಂದ ಬರ್ತದೆ, ನೀವು ಉಲ್ಟಾ ಕಳಿಸ್ತೀರಲ್ಲ?” ಎಂದು ಅಲ್ಲಿಯ ಸಾಹೇಬರು ನಕ್ಕರಂತೆ. “ನಮ್ಮ ಹುಡುಗಿ ಅಲ್ಲಿ ಐತ್ರಿ. ರೊಕ್ಕ ಅಲ್ಲಿಗೇ ಹೋಗ್ಬೇಕಲ್ರಿ?” ಎಂದರಂತೆ ಇವರು.

ದುಡ್ಡು ಬಂದ ದಿನ ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. “ಸಾಲ ಅಂತ ತಿಳ್ಕೋತೀನಿ ಅತ್ತಿಗಿ, ತೀರಸ್ತೀನಿ” ಎಂದೆ. ಅವರು ಫೋನನ್ನು ಗೋಡೆಗೆ ಒರಗಿಸಿ, ಮೊರದಲ್ಲಿ ಅಕ್ಕಿ, ಕಾಯಿ, ಅರಿಷಿಣ ಕೊಂಬು ತಂದಿಟ್ಟರು.

“ಉಡಿ ಒಡ್ಡು.”

ತವರಿನಿಂದ ಗಂಡನ ಮನೆಗೆ ಹೊರಡುವ ಮಗಳ ಸೆರಗಿಗೆ ಅಕ್ಕಿ ಕಾಯಿ ಹಾಕಿ ಕಳಿಸುವುದನ್ನು ನಮ್ಮಲ್ಲಿ ಉಡಿ ತುಂಬುವುದು ಎನ್ನುತ್ತಾರೆ.

“ನನಗೆಲ್ಲಿ ಮದುವಿ ಆಗೇತಿ?”

“ಹೊಸಾ ಮನಿ ಹೂಡಾಕತ್ತಿಲ್ಲೇನು? ನಿನಗ ತುಂಬದ ಯಾರಿಗೆ ತುಂಬ್ಲಿ? ಉಡಿ ತುಂಬಿದ್ದನ್ನ ಯಾರೂ ವಾಪಸ್ ಕೊಡಂಗಿಲ್ಲ, ತಿಳೀತ?”

ಸೆರಗು ಎಲ್ಲಿಂದ ತರಲಿ? ಚಳಿಯ ಜಾಕೀಟಿನ ಅಂಚನ್ನೇ ಎರಡೂ ಕೈಯಲ್ಲಿ ಹಿಡಿದು ಫೋನಿನ ಮುಂದೆ ಒಡ್ಡಿದೆ. ಅಲ್ಲಿ ಅವರು ಐದು ಸಲ ಅಕ್ಕಿ ಸುರಿದರು. ಅಂದು ರಾತ್ರಿ ಕಣ್ತುಂಬ ನಿದ್ದೆ ಮಾಡಿದೆ.

ಈಗ ಪರೀಕ್ಷೆ ಪಾಸಾಗಿದ್ದೇನೆ. ಹಳೆಯದೊಂದು ಸಿಂಕು ಕೊಂಡು ಕೂರಿಸಿದ್ದೇನೆ. ಉಡಿ ತುಂಬಿಸಿಕೊಂಡವಳು ಅದರಿಂದ ಒಂದು ಹಿಡಿ ಅಕ್ಕಿಯನ್ನು ತವರಿನಲ್ಲೇ ಬಿಟ್ಟು ಹೊರಡಬೇಕು, ತವರು ಬರಿದಾಗಬಾರದು ಎಂದು. ಅವತ್ತು ಅದು ಬಾಕಿ ಉಳಿದಿತ್ತು. ಮೊದಲ ಪೂರ್ತಿ ಸಂಬಳದಲ್ಲಿ ಸ್ವಲ್ಪ ಕಳಿಸಿ, “ಇದು ತೀರಿಸಿದ್ದಲ್ಲ ಅತ್ತಿಗಿ, ಆ ಒಂದು ಹಿಡಿ ಅಕ್ಕಿ” ಎಂದೆ. ಅತ್ತಿಗೆ ಬೇಡ ಎನ್ನಲಿಲ್ಲ.

“ಮುಟ್ಟೇತಿ. ಈಗ ನಿನ್ನ ಮನಿ ನಳ ಬಿಡು, ನೋಡೂಣು” ಎಂದರು.

ನಳ ತಿರುಗಿಸಿದೆ. ನೀರು ಧೋ ಎಂದು ಸುರಿಯಿತು. ಆ ಸದ್ದಿನಲ್ಲೇ ಕೂಗಿ ಕೇಳಿದೆ: “ಅತ್ತಿಗಿ, ಇನ್ನ ತವರಮನಿಗೆ ಯಾವಾಗ ಬರ್ಲಿ?”