ನಾನು ಓದಿ ಹೇಳದ ಸಾಲು

ಮೊನ್ನೆ ಹೆಮ್ಮಾಡಿಯಲ್ಲಿ ಬಸ್ ಹತ್ತಿದಾಗ ಪಕ್ಕದ ಸೀಟಿನವರು ಮೊಣಕಾಲಿಗೆ ನೋವಿನೆಣ್ಣೆ ಹಚ್ಚಿಕೊಂಡಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನನಗೆ ಸಿಟ್ಟು ಬಂತು. ಪಾಪ, ಅವರ ಮೇಲಲ್ಲ. ಗಂಗೊಳ್ಳಿಯಲ್ಲಿ ನಮ್ಮ ಪಕ್ಕದ ಮನೆಯ ಅಣ್ಣನ ಜಗಲಿಯಲ್ಲಿ ವರ್ಷಗಟ್ಟಲೆ ಇದೇ ವಾಸನೆ ಇತ್ತು...

ಒಡಹುಟ್ಟಿದವನಲ್ಲ, ಆದರೂ ನನಗೆ ಅಣ್ಣನೇ. ಕಬಡ್ಡಿ ಆಡುತ್ತಿದ್ದ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಎಲ್ಲೇ ಪಂದ್ಯವಿರಲಿ, ಅವನು ರೈಡಿಗೆ ಇಳಿದರೆ ಜನ ಎದ್ದು ನಿಲ್ಲುತ್ತಿದ್ದರು. ಮೀನಿನ ಬೋಟು ಬಿಟ್ಟು ಆಟದಲ್ಲೇ ಬದುಕುತ್ತೇನೆಂದು ಅವನ ಹಟ. ಮುಂಬೈಯ ಸಾಹುಕಾರರೊಬ್ಬರ ತಂಡ ಅವನನ್ನು ಸಂಬಳಕ್ಕೆ ಕರೆಯಿತು. ಮೂರು ವರ್ಷದ ಕರಾರು. ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಕಡೆ ಅದು ದೊಡ್ಡ ಸಂಗತಿ.

ಹೊರಡುವ ದಿನ ಬೆಳಿಗ್ಗೆ ಕರಾರಿನ ಕಾಗದ ಹಿಡಿದು ತಾಯಿಯ ಜೊತೆ ನಮ್ಮ ಮನೆಗೆ ಬಂದ. ಕೇರಿಯಲ್ಲಿ ಇಂಗ್ಲಿಷ್ ಬರುತ್ತಿದ್ದವಳು ಕಾಲೇಜಿಗೆ ಹೋಗುತ್ತಿದ್ದ ನಾನೊಬ್ಬಳೇ.

"ಹೆಣೆ, ಎಂತ ಬರ್ದಿತ್, ಓದ್ ಕಾಂಬ," ಎಂದ ಅಣ್ಣ.

ಊಟ, ವಸತಿ, ಸಂಬಳ ಎಲ್ಲ ಓದಿ ಹೇಳಿದೆ. ಕೊನೆಯ ಪುಟದಲ್ಲಿ ಒಂದು ಸಾಲಿತ್ತು: ಗಾಯವಾಗಿ ಆಡಲಾಗದಿದ್ದರೆ ಅಂದೇ ಕರಾರು ರದ್ದು, ಸಂಬಳವೂ ಇಲ್ಲ, ಚಿಕಿತ್ಸೆಯ ಖರ್ಚೂ ಇಲ್ಲ.

"ಅಣ್ಣ, ಪೆಟ್ಟಾದ್ರೆ..." ಎಂದು ಬಾಯಿ ತೆರೆದೆ. ಅವನ ತಾಯಿ ಗದರಿದರು: "ಬಾಯ್ ಮುಚ್ಚ್! ಹೋಪತಿಗೆ ಅಂಥ ಮಾತ್ ಆಡುಕಾಗ."

ನಮ್ಮಲ್ಲಿ ಹಾಗೆಯೇ. ಹೊರಟು ನಿಂತವನ, ಅದರಲ್ಲೂ ಕಡಲಿಗೆ ಇಳಿಯುವವನ ಎದುರು ಕೆಟ್ಟದ್ದರ ಸುದ್ದಿ ಎತ್ತುವುದಿಲ್ಲ. ಅಣ್ಣ ನಕ್ಕ. "ಬೋಟಲ್ಲಿ ಕೈ ಮುರ್ಕಂಡವ್ನಿಗೂ ಮೀನಿನ್ ಪಾಲ್ ಕೊಡ್ತ್ರ್ ಅಲ್ದಾ? ಇವ್ರೂ ಕೊಡ್ತ್ರ್ ಬಿಡ್," ಎಂದು ಸೈನ್ ಹಾಕಿದ. ಆ ಸಾಲು ಓದಿ ಹೇಳದೆಯೇ ನಾನು ಪೆನ್ನು ವಾಪಸು ತೆಗೆದುಕೊಂಡೆ.

ಎಲ್ಲಿಯ ಬೋಟು, ಎಲ್ಲಿಯ ಸಾಹುಕಾರ! ಎರಡನೆಯ ವರ್ಷ ಪಂದ್ಯದ ನಡುವೆ ಅವನ ಮೊಣಕಾಲು ತಿರುಚಿತು. ಗೆದ್ದ ತಂಡದ ಫೋಟೋ ಪೇಪರಿನಲ್ಲಿ ಬಂತು. ಇವನು ಸ್ನೇಹಿತನ ಹೆಗಲು ಹಿಡಿದು ರೈಲಿಳಿದು ಬಂದ. ಆಪರೇಷನ್ ಆದರೆ ಮತ್ತೆ ಆಡಬಹುದು ಎಂದರು ಡಾಕ್ಟರು. ಎಸ್‌ಟಿಡಿ ಬೂತಿನಿಂದ ತಂಡದ ಮ್ಯಾನೇಜರಿಗೆ ಫೋನ್ ಮಾಡಿದವಳು ನಾನೇ. "ಓದಿಯೇ ಸೈನ್ ಹಾಕಿದ್ದಲ್ಲವೇ?" ಎಂದು ಕೇಳಿ ಫೋನ್ ಇಟ್ಟುಬಿಟ್ಟ. ನಾಚಿಕೆಗೆಟ್ಟವರು! ಒಬ್ಬನ ಕಾಲು ದುಡಿಸಿಕೊಂಡು, ಅದಕ್ಕೆ ಪೆಟ್ಟಾದ ಕೂಡಲೇ ಅವನನ್ನೇ ಕೈಬಿಡುವುದಕ್ಕೆ ಮನಸ್ಸಾದರೂ ಹೇಗೆ ಬರುತ್ತದೆ? ಇವತ್ತಿಗೂ ಆ ಧ್ವನಿ ನೆನಪಾದರೆ ಮೈಯೆಲ್ಲ ಉರಿಯುತ್ತದೆ.

ದುಡ್ಡಿಲ್ಲದೆ ಆಪರೇಷನ್ ಆಗಲಿಲ್ಲ. ಓಲಾಡುವ ಬೋಟಿನಲ್ಲಿ ನಿಲ್ಲಲೂ ಆ ಕಾಲು ಬರಲಿಲ್ಲ. ಐಸ್ ಪ್ಲಾಂಟಿನ ಗೇಟು ಕಾಯುವ ಕೆಲಸಕ್ಕೆ ಸೇರಿದ. ಎಷ್ಟೋ ವರ್ಷಗಳ ಮೇಲೆ ಒಂದು ದಿನ ತಡೆಯಲಾರದೆ ಹೇಳಿಬಿಟ್ಟೆ, ಆ ಸಾಲು ಓದಿಯೂ ನಾನು ಹೇಳಿರಲಿಲ್ಲ ಎಂದು.

"ಗೊತ್ತಿತ್ ಹೆಣೆ," ಎಂದ. "ನಿನ್ ಮುಖ ಕಂಡೇ ಗೊತ್ತಾಯ್ತ್. ನಂಗೂ ಅದೆಂತ ಅಂದ್ ಕೇಂಬುಕೆ ಧೈರ್ಯ ಬರ್ಲಿಲ್ಲ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು...

ಅಣ್ಣ ಈಗಿಲ್ಲ. ಟಿವಿಯಲ್ಲಿ ಕಬಡ್ಡಿ ಆಟಗಾರರನ್ನು ಹರಾಜು ಕೂಗುತ್ತಾರೆ. ನಮ್ಮ ಮನೆಯವರೂ ಬೆಲೆ ಕೇಳಿ ಚಪ್ಪಾಳೆ ತಟ್ಟುತ್ತಾರೆ. ನಾನು ಎದ್ದು ಅಡುಗೆಮನೆಗೆ ಹೋಗುತ್ತೇನೆ. ಪೆಟ್ಟಾದರೆ ಇವರಿಗೆ ಏನು ಕೊಡುತ್ತೀರಿ ಎಂದು ಆ ಹರಾಜಿನಲ್ಲಿ ಯಾರೂ ಕೇಳುವುದಿಲ್ಲ. ಬಾಯಿ ಬಿಟ್ಟು ಕೇಳಬೇಕಾದ ದಿನ ನಾನೂ ಕೇಳಲಿಲ್ಲ.