ಗಡಿಗೆ ಮಜ್ಜಿಗೆಯಲ್ಲಿ ವಿಟಮಿನ್ ಡಿ

ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಅವ್ವ ಕಂಪ್ಲಿಯ ಗದ್ದೆಗಳಲ್ಲಿ ಕಳೆ ಕಿತ್ತು ಓದಿಸಿದಳು. ಹೊಸಪೇಟೆಯ ಡಾಕ್ಟರೊಬ್ಬರ ಸಂಶೋಧನೆಯಲ್ಲಿ ನನಗೆ ಕೆಲಸ ಸಿಕ್ಕಾಗ, ‘ನನ್ನ ಮಗಳು ಡಾಕ್ಟರ್ ಜೊತಿ ಅದಾಳ’ ಎಂದು ಓಣಿಗೆಲ್ಲ ಹೇಳಿ ಬಂದಳು. ಆದರೆ ಹೊಸಪೇಟೆಯಲ್ಲಿ ನನಗೆ ಕೊಟ್ಟ ಮೊದಲ ಓಣಿಯ ಕೆಲಸ ನೋಡಿಯೇ ನನ್ನನ್ನು ಇಟ್ಟುಕೊಳ್ಳುವುದೋ ಬಿಡುವುದೋ ತೀರ್ಮಾನಿಸುವುದಾಗಿ ಡಾಕ್ಟರು ಹೇಳಿದ್ದರು. ಅದನ್ನು ಅವ್ವನಿಗೆ ಹೇಳಿರಲಿಲ್ಲ.

ಸಂಶೋಧನೆ ಸರಳ. ಮಂಡಿನೋವಿನ ಹೆಂಗಸರೆಲ್ಲ ಬೆಳಗಿನ ಬಿಸಿಲಲ್ಲಿ ನಡೆಯಬೇಕು. ಅವರಲ್ಲಿ ಅರ್ಧ ಜನ ಮಾತ್ರ ವಾರಕ್ಕೊಮ್ಮೆ ವಿಟಮಿನ್ ಡಿ ಪುಡಿಯನ್ನೂ ಕುಡಿಯಬೇಕು. ಯಾರ ನೋವು ಹೆಚ್ಚು ಇಳಿಯುತ್ತದೆ ಎಂದು ನೋಡುವುದು. ಅವರನ್ನು ನಡೆಸುವುದು, ಪುಡಿ ಕೊಡುವುದು ನನ್ನ ಕೆಲಸ.

ಮೊದಲ ದಿನ ಸಂಡೂರಿನ ಅದಿರು ಲಾರಿಗಳ ಕೆಂಪು ಧೂಳಿಗೆ ಹೆದರಿ ಎಲ್ಲರೂ ಮುಖದ ತುಂಬ ಸೆರಗು ಹೊದ್ದು ಬಂದರು. ಬಿಸಿಲಿಗೆ ಸಿಕ್ಕಿದ್ದು ಕಣ್ಣೆರಡೇ. ಧೂಳಿಲ್ಲದ ಕಾಲುವೆ ದಂಡೆಗೆ ಕರೆದೊಯ್ದ ಮೇಲೆ ಸೆರಗು ಇಳಿಯಿತು. ಸೊಸೆಯಂದಿರ ಸುದ್ದಿ ಬಂತೆಂದರೆ ಅವರ ನಡಿಗೆಯ ಹಿಂದೆ ನಾನು ಓಡಬೇಕಾಗುತ್ತಿತ್ತು.

ಕೆಲವು ತಿಂಗಳ ಮೇಲೆ ಡಾಕ್ಟರು ನೋಡಲು ಬಂದರು. ಓಣಿಗೆಲ್ಲ ಹಿರಿಯಳಾದ ಅಕ್ಕಿ ಗಿರಣಿ ಮನೆಯ ದೊಡ್ಡಮ್ಮನ ಕಟ್ಟೆಯ ಮೇಲೆ ಎಲ್ಲರೂ ಸೇರಿದ್ದರು. ಡಾಕ್ಟರಿಗೂ ಒಂದು ಲೋಟ ಮಜ್ಜಿಗೆ ಬಂತು.

“ಯಾರ್ಯಾರಿಗೆ ಆರಾಮಾಗೈತ್ರಿ?”

ಎಲ್ಲ ಕೈಗಳೂ ಮೇಲೆದ್ದವು.

“ಪುಡಿ ಇಲ್ಲದೋರಿಗೂ?” ಡಾಕ್ಟರು ಮಜ್ಜಿಗೆ ಹೀರುತ್ತ ಕೇಳಿದರು.

“ಇಲ್ಲದೋರು ಯಾರದಾರ್ರಿ?” ಎಂದಳು ದೊಡ್ಡಮ್ಮ. “ಬಾಜೂ ಮನಿಯಾಕಿ ನೋಡ್ಕೊಂತ ಕುಂತಿರ್ತಾಳ, ನಾನೊಬ್ಬಾಕಿ ಹೆಂಗ ಕುಡೀಲಿ? ಎಲ್ಲಾರ ಪುಡಿನೂ ಮಜ್ಜಿಗಿ ಗಡಿಗಿಗೆ ಹಾಕ್ತೀವಿ. ಎಲ್ಲಾರಿಗೂ ಒಂದೊಂದು ಲೋಟ.”

ಡಾಕ್ಟರು ತಮ್ಮ ಲೋಟ ನೋಡಿದರು. “ಇದು?”

“ಇವತ್ತ ಪುಡಿ ದಿನಾನ ಐತ್ರಿ. ನೀವೂ ಬಿಸಿಲು ಕಾಣೋರಲ್ಲ, ಕುಡೀರಿ.”

ಕೆಲಸ ಹೋಯಿತೆಂದುಕೊಂಡೆ; ನನ್ನ ಕಣ್ಣಿಗೆ ಕಂಪ್ಲಿಯ ಗದ್ದೆ ಕಂಡಿತು. “ಹಂಚಬ್ಯಾಡ್ರಿ ಅಂತ ಹೇಳಿದ್ನಲ್ರಿ, ದೊಡ್ಡಮ್ಮಾ.”

“ಹೇಳಿದ್ದಿ ಯವ್ವಾ. ನೀ ಸಣ್ಣಾಕಿ, ಹೇಳ್ತಿ. ಹಂಗಂತ ಮಂದಿನ್ನ ಬಿಟ್ಟು ಕುಡಿಯಾಕ ಬರ್ತದೇನು?”

ಡಾಕ್ಟರು ಲೋಟ ಖಾಲಿ ಮಾಡಿದರು. “ಈ ಓಣಿ ಸಂಶೋಧನಿಗೆ ಬರಾಂಗಿಲ್ಲ.”

“ನಮ್ಮನ್ನ ಬಿಡ್ರಿ. ಈ ಹುಡುಗಿನ್ನ ಬಿಡಿಸಬ್ಯಾಡ್ರಿ,” ಎಂದಳು ದೊಡ್ಡಮ್ಮ.

“ಇಷ್ಟು ಮಂದಿನ್ನ ಮನಿಯಿಂದ ಹೊರಗ ಎಬ್ಬಿಸಿ ತಂದಾಕಿನ್ನ ಬಿಟ್ಟು, ಮತ್ತೊಬ್ಬಾಕಿನ್ನ ಎಲ್ಲಿ ಹುಡುಕಲ್ರಿ?”

ಮರುವಾರ ತುಂಗಭದ್ರಾ ಡ್ಯಾಂ ಕ್ವಾರ್ಟರ್ಸಿನಲ್ಲಿ ಹೊಸದಾಗಿ ಶುರು ಮಾಡಿದೆ. ಈ ಸಲ ಪುಡಿಯನ್ನು ನನ್ನೆದುರೇ ಕುಡಿಯಬೇಕೆಂಬ ನಿಯಮ. ಮೊದಲ ಮನೆಯಾಕೆ ಹಾಲಿಗೆ ಪುಡಿ ಕಲಸಿ, ಲೋಟವನ್ನು ಬಾಯಿಯವರೆಗೆ ತಂದು, ತಡೆದಳು.

“ನಿನಗ ಅರ್ಧ ಕೊಡ್ಲೇನವ್ವಾ?”