ಯಾರೂ ನೋಡದ ಹೊಲಿಗೆ

ನಮ್ಮತ್ತೆ ಬಸ್ ಕಂಡಕ್ಟರ್ ಆಗಿದ್ದವರು. ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ಗಂಡಸರನ್ನು ಮೊಣಕೈಯಿಂದ ಸರಿಸಿಕೊಂಡೇ ಟಿಕೆಟ್ ಹರಿದವರು. ಚಿಲ್ಲರೆ ಇಲ್ಲ ಎಂದು ಸತಾಯಿಸುವವನ ನೀರಿಳಿಸಿಬಿಡುತ್ತಿದ್ದರು. ಅಂಥವರು ಬಾಯಿ ಮುಚ್ಚಿಕೊಂಡೇ ಸಾವಿನ ಬಾಗಿಲಿಗೆ ಹೋದ ಕತೆ ಇದು.

ಅವರಿಗೂ ಅವರ ಅಣ್ಣನಿಗೂ ಹೆಚ್ಚುಕಡಿಮೆ ಒಟ್ಟೊಟ್ಟಿಗೇ ಹೃದಯದ ಬೈಪಾಸ್ ಆಯಿತು. ಒಡಹುಟ್ಟಿದವರು ಕಾಯಿಲೆಯಲ್ಲೂ ಪಾಲು ತಗೊಂಡರು ಎಂದು ನೆಂಟರು ತಮಾಷೆ ಮಾಡಿದರು. ಅಣ್ಣನವರು ತಮ್ಮ ಮನೆಯ ಬೀದಿಬಾಗಿಲ ಪಕ್ಕದ ಮಂಚದಲ್ಲಿ ಅಂಗಿ ಗುಂಡಿ ಬಿಚ್ಚಿಕೊಂಡು ಮಲಗಿ, ಬಂದವರಿಗೆಲ್ಲ ಎದೆಯ ಹೊಲಿಗೆ ತೋರಿಸುತ್ತಿದ್ದರು. ಒಂದು ದಿನ ಗ್ಯಾಸ್ ಸಿಲಿಂಡರ್ ತಂದವನು "ಇಲ್ಲಿ ಯಾಕೋ ಕೆಂಪಾಗಿದೆಯಲ್ಲ ಸಾರ್" ಅಂದ. ಸಂಜೆಯೊಳಗೆ ಆಸ್ಪತ್ರೆಗೆ ಹೋಗಿ ಬಂದರು, ಮಾತ್ರೆ ನುಂಗಿದರು, ವಾಸಿಯಾಯಿತು.

ನಮ್ಮತ್ತೆಯದನ್ನು ಯಾರೂ ನೋಡಲಿಲ್ಲ. ಕುತ್ತಿಗೆವರೆಗೂ ಶಾಲು. ಸ್ನಾನ, ಬಟ್ಟೆ ಬದಲಾಯಿಸುವುದು ಎಲ್ಲ ಚಿಲಕ ಹಾಕಿಕೊಂಡೇ. ಕೇಳಿದರೆ "ನನಗೇನು ಧಾಡಿ, ಗಟ್ಟಿಯಾಗೇ ಇದ್ದೀನಿ" ಎಂದು ಗದರುತ್ತಿದ್ದರು.

ನಾನು ಗಮನಿಸಿದ್ದು ಅವರ ಎಡಗೈಯನ್ನು. ಕೂತರೂ ನಿಂತರೂ ಅದು ಶಾಲಿನೊಳಗೆ ಎದೆಯ ಕೆಳಗಿದ್ದು, ಭಾರ ಎತ್ತಿಹಿಡಿದಿರುತ್ತಿತ್ತು. ಆಮೇಲೆ ಪೌಡರಿನ ವಾಸನೆ ಹೆಚ್ಚಾಯಿತು. ಅದರಡಿಯಲ್ಲಿ ಇನ್ನೊಂದು ವಾಸನೆ. ಗಂಡನಿಗೆ ಹೇಳಿದೆ.

"ಅಮ್ಮನ್ನ ನಾನು ಹೇಗೆ ಕೇಳಲಿ? ನೀನೇ ವಿಚಾರಿಸು" ಎಂದು ಮೊಬೈಲಿನಲ್ಲಿ ಮುಖ ಹುದುಗಿಸಿದ. ನನಗೆ ಮೈಯೆಲ್ಲ ಉರಿಯಿತು.

ಮರುದಿನ ಅತ್ತೆ ಮಂಚದಿಂದ ಏಳಲಿಲ್ಲ. ಹಣೆ ಮುಟ್ಟಿದರೆ ಕೆಂಡ. ಶಾಲಿಗೆ ಕೈಹಾಕಿದೆ. ಅವರು ನನ್ನ ಮಣಿಕಟ್ಟು ಹಿಡಿದರು.

"ಬೇಡ ಕಣೇ, ಬಿಡು."

"ಬೈಯಿರಿ ಅತ್ತೆ, ಹೊಡೀರಿ. ನಾನು ನೋಡೇ ನೋಡ್ತೀನಿ."

ಆ ಹಿಡಿತದಲ್ಲಿ ಬಲವೇ ಇರಲಿಲ್ಲ. ನನಗೆ ಭಯವಾದದ್ದು ಅದಕ್ಕೇ. ಶಾಲು ಸರಿಸಿದರೆ ಹೊಲಿಗೆಯ ಕೆಳತುದಿ ಬಾಯಿಬಿಟ್ಟಿತ್ತು, ಕೀವು ಒಸರುತ್ತಿತ್ತು.

ನಾನೂ ಗಂಡನೂ ಅವರನ್ನು ಆಸ್ಪತ್ರೆಗೆ ಒಯ್ದೆವು. ಸೋಂಕು ಎದೆಮೂಳೆಗೆ ಇಳಿದಿದ್ದರೆ ಉಳಿಸುವುದು ಕಷ್ಟ ಎಂದರು ಡಾಕ್ಟರು. ಆಮೇಲೆ ಸ್ಕ್ಯಾನ್ ನೋಡಿದರು.

"ಇನ್ನೂ ಇಳಿದಿಲ್ಲ. ಈಗಲೇ ಬಿಚ್ಚಿ ತೊಳೀಬೇಕು. ನಾಳೆ ಬಂದಿದ್ರೆ ಏನು ಹೇಳ್ತಿದ್ನೋ ಗೊತ್ತಿಲ್ಲ."

ಅತ್ತೆಯನ್ನು ಆಪರೇಷನ್ನಿಗೆ ಅಣಿಮಾಡುತ್ತ ನರ್ಸ್ ಗೊಣಗಿದಳು. "ಹೆಂಗಸರಿಗೆ ಎದೆಯ ಭಾರವೇ ಹೊಲಿಗೆಯನ್ನ ಎರಡೂ ಕಡೆ ಎಳೆಯುತ್ತೆ. ಎತ್ತಿಹಿಡಿಯೋ ಒಳಉಡುಪು ಹಗಲೂ ರಾತ್ರಿ ಹಾಕ್ಕೊಂಡಿರಬೇಕು, ದಿನಾ ಯಾರಾದ್ರೂ ಗಾಯ ನೋಡಬೇಕು ಅಂತ ಮನೆಗೆ ಕಳಿಸುವಾಗಲೇ ಹೇಳಿದ್ದೆನಲ್ಲ?"

"ಯಾರಿಗೆ ಹೇಳಿದ್ರಿ?" ಎಂದೆ.

ಅವಳು ನನ್ನ ಗಂಡನ ಕಡೆ ಕೈತೋರಿಸಿದಳು. ಅವನು ನೆಲ ನೋಡುತ್ತಿದ್ದ.

"ಅಮ್ಮಂಗೆ ಅದನ್ನೆಲ್ಲ ಹೇಗೆ ಹೇಳೋದು ಅಂತ..."

ನನಗಾದರೂ ಹೇಳಬಹುದಿತ್ತು. ಅಲ್ಲೇ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಆದರೆ ಅತ್ತೆ ತಡಕಾಡಿ ಅವನ ಕೈ ಹಿಡಿದುಕೊಂಡರು.

"ನಿನಗೆ ಹೇಳೋಕೆ ನಾಚಿಕೆ, ನನಗೆ ತೋರಿಸೋಕೆ ನಾಚಿಕೆ. ಇವಳಿಗೂ ನಾಚಿಕೆ ಇದ್ದಿದ್ರೆ ನಾನು ಹೆಣ ಆಗಿರ್ತಿದ್ದೆ ಕಣೋ" ಎಂದರು.